ಹಸಿದ ಕೌದಿ ಮತ್ತು ನೀಲಿ ಬಕೆಟ್

ಹೂಂ ಅನ್ನಿ ಮಕ್ಕಳೇ. ನೀವು ಹೂಂ ಅನ್ನದಿದ್ದರೆ ನನ್ನ ಕತೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗಿಬಿಡುತ್ತದೆ.

ಇದು ಖರೇ ಕತೆ. ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ನನಗೆ ಮೀಸೆ ಇಲ್ಲ. ಅದು ಬೇರೆ ಮಾತು.

ಒಂದು ಓಣಿ. ಓಣಿಯಲ್ಲಿ ಒಂದು ಮನೆ. ಮನೆಯಲ್ಲಿ ಒಂದೇ ಒಂದು ಕೌದಿ. ಹಳೇ ಸೀರೆ, ಹಳೇ ಧೋತರ, ಹಳೇ ಲಂಗ, ಎಲ್ಲದರ ತುಂಡು ಸೇರಿಸಿ ಅಜ್ಜಿ ಹೊಲಿದ ಕೌದಿ.

ಕೌದಿಯ ಕೆಳಗೆ ಯಾರ್ಯಾರು? ಅಜ್ಜಿ. ಅವ್ವ ಹುಲಿಗೆವ್ವ. ಮಗಳು ದ್ಯಾಮಿ. ಮಗ ಮುದುಕಪ್ಪ. ಮುದುಕಪ್ಪನಿಗೆ ಹಲ್ಲಿಲ್ಲ. ಉದುರಿದ್ದಲ್ಲ, ಇನ್ನೂ ಬಂದಿಲ್ಲ. ಅಂಬೆಗಾಲಿಡುವ ಕೂಸು. ಹೆಸರು ಮಾತ್ರ ಮುದುಕಪ್ಪ.

ಮುದುಕಪ್ಪನಿಗೆ ಒಂದು ಚಟ. ಅವ್ವನ ಎಡಗೈ ಕಿರುಬೆರಳು. ಅದನ್ನು ಹಿಡಿದೇ ಕೂರುತ್ತಾನೆ. ಅದನ್ನು ಹಿಡಿದೇ ಮಲಗುತ್ತಾನೆ. ಬಿಡೋ ಅಂದರೆ ಬಿಡುವವನಲ್ಲ.

ಕೌದಿಗೂ ಒಂದು ಪದ್ಧತಿ. ಕೌದಿ ಹೊಲಿದು ಹೊಲಿದು, ಕೊನೆಗೆ ನಟ್ಟನಡುವೆ ಕಿಸೆಯಷ್ಟು ಜಾಗ ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಅದರಲ್ಲಿ ಒಂದು ಚೂರು ರೊಟ್ಟಿ ಇಡುತ್ತಾರೆ. ಒಂದು ಚೂರು ಬೆಲ್ಲ ಇಡುತ್ತಾರೆ. ಆಮೇಲೆ ಮೇಲೊಂದು ತುಂಡು ಹಚ್ಚಿ ಬಾಯಿ ಹೊಲಿಯುತ್ತಾರೆ. ಯಾಕೆ? ಅಜ್ಜಿಯನ್ನು ಕೇಳಿ.

“ಹಸಿದ ಕೌದಿ ಬೆಚ್ಚಗ ಇಡೂದಿಲ್ಲ” ಅನ್ನುತ್ತಾಳೆ ಅಜ್ಜಿ.

ಆ ಓಣಿಯಲ್ಲೊಂದು ಆಡು. ಹೆಸರು ಶಾಣಿ. ಶಾಣಿ ಅಂದರೆ ಜಾಣೆ. ಒಂದು ದಿನ ಬೆಳಿಗ್ಗೆ ಕೌದಿ ಗೋಡೆಯ ಮೇಲೆ ಬಿಸಿಲು ಕಾಯುತ್ತಿತ್ತು. ಶಾಣಿ ಬಂತು. ಮೂಸಿತು. ಆಹಾ, ರೊಟ್ಟಿ! ಆಹಾ, ಬೆಲ್ಲ! ಕರುಂ ಕುರುಂ. ರೊಟ್ಟಿ ತಿಂದಿತು. ಬೆಲ್ಲ ತಿಂದಿತು. ನೆಂಚಿಕೊಳ್ಳಲು ಮೇಲಿನ ತುಂಡೂ ಕೆಳಗಿನ ತುಂಡೂ ತಿಂದಿತು. ಬಾಯಿ ಒರೆಸಿಕೊಂಡು ಹೋಯಿತು. (ಏನಂತೀರಿ? ಆಡು ಬಾಯಿ ಒರೆಸಿಕೊಳ್ಳುವುದಿಲ್ಲವೇ? ಒರೆಸಿಕೊಂಡಿತು. ನನ್ನ ಧೋತರಕ್ಕೇ ಒರೆಸಿಕೊಂಡಿತು.)

ದ್ಯಾಮಿ ಬಂದು ನೋಡಿದಳು. ಕೌದಿಯಲ್ಲಿ ತೂತು! ಎಷ್ಟು ದೊಡ್ಡ ತೂತು? ಮುದುಕಪ್ಪನ ತಲೆ ಈ ಕಡೆಯಿಂದ ಹೋಗಿ ಆ ಕಡೆ ಬರುವಷ್ಟು.

ಆಗ ಚಳಿಗಾಲ. ಹೊತ್ತು ಮುಳುಗಿದರೆ ಚಳಿ ಬರುತ್ತದೆ. ತೂತಿನಿಂದ ಒಳಗೆ ಬರುತ್ತದೆ. ಮುದುಕಪ್ಪನನ್ನು ಹಿಡಿಯುತ್ತದೆ.

ದ್ಯಾಮಿ ಅಜ್ಜಿಯ ಹತ್ತಿರ ಓಡಿದಳು.

“ಅಜ್ಜೀ ಅಜ್ಜೀ,
ಆಡು ಕೌದಿ ಹೊಟ್ಟಿ ತಿಂತು.
ಮುದುಕಪ್ಪಗ ಚಳಿ, ಕೌದಿಗೆ ಹಸಿವು,
ಹೊತ್ತು ಮುಳುಗೂದರಾಗ ಹೊಲದು ಕೊಡು!”

ಅಜ್ಜಿ ಸೂಜಿ ತೆಗೆದಳು. ದಾರ ತೆಗೆದಳು. ದಾರವನ್ನು ಸೂಜಿಗೆ ಹಾಕಹೋದಳು. ಮೂಗಿಗೆ ಹಾಕಿಕೊಂಡಳು.

“ಯವ್ವಾ ದ್ಯಾಮಿ, ಚಸ್ಮಾದ ಕಾಲು ಮುರದೈತಿ. ಸೂಜಿ ಯಾವುದು, ಗೋಡಿ ಯಾವುದು, ಒಂದೂ ಕಾಣವಲ್ದು. ಚಸ್ಮಾ ಇಲ್ಲ. ಬಕೆಟ್ ಐತಿ. ಒಯ್ತೀಯೇನು?”

ಇದೇನಿದು ಬಕೆಟ್ ಅಂತೀರಾ? ಹೇಳುತ್ತೇನೆ. ಹಿಂದಿನ ಹಬ್ಬಕ್ಕೆ ಪೇಟೆಯಿಂದ ಒಬ್ಬರು ದೊಡ್ಡ ಮನುಷ್ಯರು ಲಾರಿ ತುಂಬ ಬಕೆಟ್ ತಂದಿದ್ದರು. ನೀಲಿ ಬಕೆಟ್. ಒಳ್ಳೆಯ ಮನುಷ್ಯರು, ಪಾಪ. ಬಡವರಿಗೆ ಬಕೆಟ್ ಬೇಕೇ ಬೇಕು ಅಂತ ಅವರೇ ಅಂದುಕೊಂಡರು. ಓಣಿಯವರನ್ನು ಕೇಳಲಿಲ್ಲ. ಈ ಮನೆಗೂ ಬಕೆಟ್, ಆ ಮನೆಗೂ ಬಕೆಟ್. ಬೇಡ ಅನ್ನಲಿಕ್ಕೆ ಆಗುತ್ತದೆಯೇ? ನನಗೂ ಒಂದು ಕೊಟ್ಟರು. ನಾನು ಅದನ್ನೇ ಟೊಪ್ಪಿಗೆ ಮಾಡಿಕೊಂಡಿದ್ದೇನೆ.

ದ್ಯಾಮಿ ಒಂದು ಕೈಯಲ್ಲಿ ಚಸ್ಮಾ ಹಿಡಿದಳು. ಬಕೆಟ್ ತಲೆಯ ಮೇಲಿಟ್ಟಳು. ಡಬ ಡಬ ಡಬಕ್ ಅಂತ ನಡೆದಳು.

ಎಲ್ಲಿಗೆ? ದಸ್ತಗೀರ ಕಾಕಾನ ಗೂಡಂಗಡಿಗೆ. ಕಾಕಾ ಚಸ್ಮಾ ರಿಪೇರಿ ಮಾಡುತ್ತಾನೆ. ಕೊಡೆ ರಿಪೇರಿ ಮಾಡುತ್ತಾನೆ. ಬ್ಯಾಟರಿ ರಿಪೇರಿ ಮಾಡುತ್ತಾನೆ.

“ಕಾಕಾ ಕಾಕಾ,
ಆಡು ಕೌದಿ ಹೊಟ್ಟಿ ತಿಂತು.
ಹೊಲಿ ಅಂದ್ರ ಅಜ್ಜಿ, ಚಸ್ಮಾ ಇಲ್ಲ ಅಂದ್ಳು.
ಮುದುಕಪ್ಪಗ ಚಳಿ, ಕೌದಿಗೆ ಹಸಿವು,
ಹೊತ್ತು ಮುಳುಗೂದರಾಗ ಚಸ್ಮಾ ಮಾಡಿ ಕೊಡು!”

“ಅಯ್ಯ, ಎಷ್ಟ್ಹೊತ್ತಿನ ಕೆಲಸ ಬೇಟಿ!” ಅಂದ ಕಾಕಾ. ಎಳ್ಳಿನಷ್ಟು ಸಣ್ಣ ಸ್ಕ್ರೂ ತೆಗೆದ. ಕೈ ನಡುಗಿತು. ಸ್ಕ್ರೂ ಹಾರಿ ಗಡ್ಡದಲ್ಲಿ ಬಿತ್ತು. ಗಡ್ಡದಿಂದ ತೆಗೆದ. ಮತ್ತೆ ನಡುಗಿತು. ಮತ್ತೆ ಗಡ್ಡ.

“ನೋಡಿದೇನು? ಮುಂಜಾನಿಂದ ಚಹಾ ಬಿದ್ದಿಲ್ಲ ಹೊಟ್ಟ್ಯಾಗ. ಚಹಾ ಇಲ್ಲದ ನನ್ನ ಕೈ ನಿಲ್ಲೂದಿಲ್ಲ. ಚಹಾ ಇಲ್ಲ. ಬಕೆಟ್ ಐತಿ. ಒಯ್ತೀಯೇನು?”

ಬಕೆಟ್‌ನೊಳಗೆ ಬಕೆಟ್. ಡಬ ಡಬ ಡಬಕ್. ದ್ಯಾಮಿ ನಡೆದಳು ಚಹಾದ ಗಂಗಕ್ಕನ ಹತ್ತಿರ.

“ಗಂಗಕ್ಕಾ ಗಂಗಕ್ಕಾ,
ಆಡು ಕೌದಿ ಹೊಟ್ಟಿ ತಿಂತು.
ಹೊಲಿ ಅಂದ್ರ ಅಜ್ಜಿ, ಚಸ್ಮಾ ಇಲ್ಲ ಅಂದ್ಳು.
ಚಸ್ಮಾ ಅಂದ್ರ ಕಾಕಾ, ಚಹಾ ಇಲ್ಲ ಅಂದ.
ಮುದುಕಪ್ಪಗ ಚಳಿ, ಕೌದಿಗೆ ಹಸಿವು,
ಹೊತ್ತು ಮುಳುಗೂದರಾಗ ಚಹಾ ಕೊಡು!”

ಗಂಗಕ್ಕ ಸೊಂಟದ ಮೇಲೆ ಕೈ ಇಟ್ಟಳು. “ಆ ಗಡ್ಡದವಗ ಬರೇ ಚಹಾ ಸಾಲೂದಿಲ್ಲ, ಕೆನಿ ಬೇಕು, ಕೆನಿ! ಒಲಿ ಐತಿ. ಪುಡಿ ಐತಿ. ಹಾಲೇ ಇಲ್ಲ ನನ್ನ ತಾಯಿ. ಹಾಲು ಇಲ್ಲ. ಬಕೆಟ್ ಐತಿ. ಒಯ್ತೀಯೇನು?”

ಬಕೆಟ್‌ನೊಳಗೆ ಬಕೆಟ್, ಅದರೊಳಗೆ ಬಕೆಟ್. ಡಬ ಡಬ ಡಬಕ್. ದ್ಯಾಮಿ ನಡೆದಳು ಬಾಳಪ್ಪ ಮಾಮಾನ ಕೊಟ್ಟಿಗೆಗೆ.

“ಮಾಮಾ, ಹಾಲು” ಅಂದಳು.

ಬಾಳಪ್ಪ ಗೋಡೆಗೆ ಒರಗಿ ಕೂತಿದ್ದ. “ನನ್ನ ಯಾಕ ಕೇಳ್ತಿ? ನಾ ಹಾಲು ಕೊಡ್ತೀನೇನು? ಎಮ್ಮೀನ ಕೇಳು.”

ಎಮ್ಮೆಯ ಹೆಸರು ಕಸ್ತೂರಿ. ದ್ಯಾಮಿ ಎಮ್ಮೆಯ ಮುಂದೆ ನಿಂತಳು.

“ಕಸ್ತೂರೀ ಕಸ್ತೂರೀ,
ಆಡು ಕೌದಿ ಹೊಟ್ಟಿ ತಿಂತು.
ಹೊಲಿ ಅಂದ್ರ ಅಜ್ಜಿ, ಚಸ್ಮಾ ಇಲ್ಲ ಅಂದ್ಳು.
ಚಸ್ಮಾ ಅಂದ್ರ ಕಾಕಾ, ಚಹಾ ಇಲ್ಲ ಅಂದ.
ಚಹಾ ಅಂದ್ರ ಗಂಗಕ್ಕ, ಹಾಲು ಇಲ್ಲ ಅಂದ್ಳು.
ಮುದುಕಪ್ಪಗ ಚಳಿ, ಕೌದಿಗೆ ಹಸಿವು,
ಹೊತ್ತು ಮುಳುಗೂದರಾಗ ಹಾಲು ಕೊಡು!”

ಕಸ್ತೂರಿ ಕಿವಿ ಅಲ್ಲಾಡಿಸಿತು. ತಿರುಗಿ ನಿಂತಿತು. ಬಾಲದಿಂದ ದ್ಯಾಮಿಯ ಕೆನ್ನೆಗೆ ಪಟ್ ಅಂತ ಬಡಿಯಿತು. ಎಮ್ಮೆಯ ಭಾಷೆಯಲ್ಲಿ ಇದರ ಅರ್ಥ, “ಹಿಂಡಿ ಎಲ್ಲಿ? ಹಿಂಡಿ ಇಲ್ಲದೆ ಹಾಲೆಲ್ಲಿ?” ಎಮ್ಮೆಯ ಭಾಷೆ ನನಗೆ ಚೆನ್ನಾಗಿ ಬರುತ್ತದೆ. ಎಮ್ಮೆಗಳು ಒಪ್ಪುವುದಿಲ್ಲ, ಅಷ್ಟೇ.

“ಹಿಂಡಿ ತಿಂದು ಭಾಳ ದಿನ ಆತು ಅದು” ಅಂದ ಬಾಳಪ್ಪ ಮೆಲ್ಲಗೆ. “ಒಣಾ ಮೇವು ತಿಂದು ಎಲ್ಲಿ ಕೊಟ್ಟೀತು, ಪಾಪ. ಹಿಂಡಿ ಇಲ್ಲ. ಬಕೆಟ್ ಐತಿ...”

“ಕೊಡು ಮಾಮಾ” ಅಂದಳು ದ್ಯಾಮಿ.

ಬಕೆಟ್‌ನೊಳಗೆ ಬಕೆಟ್, ಅದರೊಳಗೆ ಬಕೆಟ್, ಅದರೊಳಗೂ ಬಕೆಟ್. ಈಗ ದ್ಯಾಮಿ ಕಾಣುವುದೇ ಇಲ್ಲ. ಕಾಲುಳ್ಳ ಬಕೆಟ್‌ಗಳು ಹೋಗುತ್ತಿವೆ. ಡಬ ಡಬ ಡಬಕ್!

ಹಿಂಡಿ ಅಂಗಡಿ ಪರಸಪ್ಪನದು. ಅಂಗಡಿಯ ಮುಂದೆ ಒಂದು ಲಾರಿ. ಲಾರಿಯ ತುಂಬ ಹತ್ತಿಕಾಳು ಹಿಂಡಿ. ಲಾರಿಯ ಡ್ರೈವರ್ ಪೀಂ ಪೀಂ ಅನ್ನುತ್ತಿದ್ದ.

“ಪರಸಣ್ಣಾ ಪರಸಣ್ಣಾ,
ಆಡು ಕೌದಿ ಹೊಟ್ಟಿ ತಿಂತು.
ಹೊಲಿ ಅಂದ್ರ ಅಜ್ಜಿ, ಚಸ್ಮಾ ಇಲ್ಲ ಅಂದ್ಳು.
ಚಸ್ಮಾ ಅಂದ್ರ ಕಾಕಾ, ಚಹಾ ಇಲ್ಲ ಅಂದ.
ಚಹಾ ಅಂದ್ರ ಗಂಗಕ್ಕ, ಹಾಲು ಇಲ್ಲ ಅಂದ್ಳು.
ಹಾಲು ಅಂದ್ರ ಎಮ್ಮಿ, ಹಿಂಡಿ ಇಲ್ಲ ಅಂತು.
ಮುದುಕಪ್ಪಗ ಚಳಿ, ಕೌದಿಗೆ ಹಸಿವು,
ಹೊತ್ತು ಮುಳುಗೂದರಾಗ ಹಿಂಡಿ ಕೊಡು!”

ಪರಸಪ್ಪ ಹಣೆ ಚಚ್ಚಿಕೊಂಡ. “ಅಲ್ಲಿ ನೋಡು ಹಿಂಡಿ. ಲಾರ್‍ಯಾಗ ಐತಿ, ಅಂಗಡ್ಯಾಗ ಇಲ್ಲ. ರೊಕ್ಕ ಇಟ್ರ ಚೀಲ ಇಳಸ್ತೀನಿ ಅಂತಾನ ಡ್ರೈವರ. ಓಣ್ಯಾಗ ಯಾರ ಕೈಯಾಗೂ ರೊಕ್ಕಿಲ್ಲ. ನನ್ನ ಗಲ್ಲೇದಾಗ ಒಂದು ಜಿರಳಿ ಐತಿ. ರೊಕ್ಕ ಇಲ್ಲ. ಬಕೆಟ್ ಐತಿ. ಒಯ್ತೀಯೇನು?”

ದ್ಯಾಮಿ ಅದನ್ನೂ ತೆಗೆದುಕೊಂಡಳು. ಜಿರಳೆ ಬೇಡ ಅಂದಳು.

“ಡ್ರೈವರಣ್ಣಾ, ಸ್ವಲ್ಪ ನಿಲ್ಲು!” ಅಂದಳು.

“ಲಗೂನ ಓಡು ಮತ್ತ!” ಅಂದ ಡ್ರೈವರ್. ಪೀಂ ಪೀಂ!

ಡಬ ಡಬ ಡಬಕ್, ಡಬ ಡಬ ಡಬಕ್! ದ್ಯಾಮಿ ಓಡಿದಳು ಅವ್ವನ ಹತ್ತಿರ. ಅವ್ವ ಶೇಂಗಾ ಸುಲಿಯುವ ಕೊಟ್ಟಡಿಯಲ್ಲಿ ಕೂತಿದ್ದಳು. ಟಕ್ ಅಂತ ಹೆಬ್ಬೆರಳಲ್ಲಿ ಒತ್ತುವುದು, ಸಿಪ್ಪೆ ಒಡೆಯುವುದು, ಕಾಳು ಉದುರಿಸುವುದು. ಟಕ್ ಟಕ್ ಟಕ್. ತೊಡೆಯ ಹತ್ತಿರ ಮುದುಕಪ್ಪ. ಮುದುಕಪ್ಪನ ಕೈಯಲ್ಲಿ ಏನು? ಅವ್ವನ ಎಡಗೈ ಕಿರುಬೆರಳು. ಉಳಿದ ಬೆರಳೆಲ್ಲ ಕೆಲಸ ಮಾಡುತ್ತಿವೆ. ಅದೊಂದು ಮಾತ್ರ ಮುದುಕಪ್ಪನ ಹತ್ತಿರ ಕೂತಿದೆ.

“ಅವ್ವಾ ಅವ್ವಾ,
ಆಡು ಕೌದಿ ಹೊಟ್ಟಿ ತಿಂತು.
ಹೊಲಿ ಅಂದ್ರ ಅಜ್ಜಿ, ಚಸ್ಮಾ ಇಲ್ಲ ಅಂದ್ಳು.
ಚಸ್ಮಾ ಅಂದ್ರ ಕಾಕಾ, ಚಹಾ ಇಲ್ಲ ಅಂದ.
ಚಹಾ ಅಂದ್ರ ಗಂಗಕ್ಕ, ಹಾಲು ಇಲ್ಲ ಅಂದ್ಳು.
ಹಾಲು ಅಂದ್ರ ಎಮ್ಮಿ, ಹಿಂಡಿ ಇಲ್ಲ ಅಂತು.
ಹಿಂಡಿ ಅಂದ್ರ ಪರಸಣ್ಣ, ರೊಕ್ಕ ಇಲ್ಲ ಅಂದ.
ಮುದುಕಪ್ಪಗ ಚಳಿ, ಕೌದಿಗೆ ಹಸಿವು,
ಹೊತ್ತು ಮುಳುಗೂದರಾಗ ರೊಕ್ಕ ಕೊಡು!”

ಅವ್ವ ಸುಲಿಯುವುದನ್ನು ನಿಲ್ಲಿಸಿದಳು.

“ರೊಕ್ಕ ಐತಿ ಮಗಳ. ಸರಕಾರ ಅವ್ವಂದಿರಿಗೆ ಅಂತ ಹಾಕೂ ರೊಕ್ಕ. ನನ್ನ ಹೆಸರಿಲೇ ಬ್ಯಾಂಕಿನ್ಯಾಗ ಬಂದು ಕುಂತೈತಿ. ಬೆರಳು ಒತ್ತಿದ್ರ ಕೊಡ್ತಾರ. ಆದ್ರ ಆ ಪೆಟಗಿ ನನ್ನ ಬೆರಳಿನ ಗುರುತು ಹಿಡೀವಲ್ದು. ನೋಡಿಲ್ಲಿ.”

ದ್ಯಾಮಿ ಅವ್ವನ ಹೆಬ್ಬೆರಳು ನೋಡಿದಳು. ತನ್ನ ಹೆಬ್ಬೆರಳಲ್ಲಿ ಸಣ್ಣ ಸಣ್ಣ ಗೆರೆ. ಸುತ್ತಿ ಸುತ್ತಿ ಹೋಗುವ ಗೆರೆ. ಅವ್ವನ ಹೆಬ್ಬೆರಳಲ್ಲಿ ಗೆರೆಯೇ ಇಲ್ಲ. ಹೊಳೆಯ ಕಲ್ಲಿನ ಹಾಗೆ ನುಣ್ಣಗೆ. ಗೆರೆಯನ್ನೆಲ್ಲ ಶೇಂಗಾ ತಿಂದುಬಿಟ್ಟಿತ್ತು.

“ಹೋದ ತಿಂಗಳೂ ಕೆಂಪು ದೀಪ. ಅದರ ಹಿಂದಿನ ತಿಂಗಳೂ ಕೆಂಪು ದೀಪ” ಅಂದಳು ಅವ್ವ. “ಬೆರಳು ಇಲ್ಲ ಮಗಳ. ಬಕೆಟ್ಟೂ ಇಲ್ಲ. ಅಜ್ಜಿ ಕೊಟ್ಟಿದ್ದು ನಮ್ಮದ.”

ಅವ್ವ ನಕ್ಕಳು. ಕಣ್ಣು ನಗಲಿಲ್ಲ. ದ್ಯಾಮಿ ಅವ್ವನ ನುಣ್ಣನೆಯ ಹೆಬ್ಬೆರಳನ್ನು ಊದಿದಳು. ಪೆಟ್ಟಾದ ಜಾಗಕ್ಕೆ ಊದುತ್ತಾರಲ್ಲ, ಹಾಗೆ.

“ಇನ್ನೊಮ್ಮೆ ಒತ್ತೋಣು ನಡಿ ಅವ್ವಾ. ರೇಣಕ್ಕ ಬಂದಾಳ. ಕಟ್ಟಿ ಮ್ಯಾಲ ಕುಂತಾಳ.”

ರೇಣಕ್ಕ ಬ್ಯಾಂಕಿನವಳು. ಕೈಯಲ್ಲೊಂದು ಸಣ್ಣ ಪೆಟ್ಟಿಗೆ ಹಿಡಿದು ಓಣಿ ಓಣಿ ತಿರುಗುತ್ತಾಳೆ. ಬೆರಳು ಒತ್ತಿದರೆ ಹಸಿರು ದೀಪ. ಹಸಿರು ದೀಪ ಬಂದರೆ ರೊಕ್ಕ. ಬೇವಿನ ಕಟ್ಟೆಯ ಮೇಲೆ ಕೂತಿದ್ದವಳು ಗಾಬರಿಯಾಗಿ ಎದ್ದಳು. ಬಕೆಟ್‌ಗಳು ಓಡಿ ಬರುತ್ತಿವೆ!

“ರೇಣಕ್ಕಾ ರೇಣಕ್ಕಾ,
ಆಡು ಕೌದಿ ಹೊಟ್ಟಿ ತಿಂತು.
ಹೊಲಿ ಅಂದ್ರ ಅಜ್ಜಿ, ಚಸ್ಮಾ ಇಲ್ಲ ಅಂದ್ಳು.
ಚಸ್ಮಾ ಅಂದ್ರ ಕಾಕಾ, ಚಹಾ ಇಲ್ಲ ಅಂದ.
ಚಹಾ ಅಂದ್ರ ಗಂಗಕ್ಕ, ಹಾಲು ಇಲ್ಲ ಅಂದ್ಳು.
ಹಾಲು ಅಂದ್ರ ಎಮ್ಮಿ, ಹಿಂಡಿ ಇಲ್ಲ ಅಂತು.
ಹಿಂಡಿ ಅಂದ್ರ ಪರಸಣ್ಣ, ರೊಕ್ಕ ಇಲ್ಲ ಅಂದ.
ರೊಕ್ಕ ಅಂದ್ರ ಅವ್ವ, ಬೆರಳು ಇಲ್ಲ ಅಂದ್ಳು.
ಮುದುಕಪ್ಪಗ ಚಳಿ, ಕೌದಿಗೆ ಹಸಿವು,
ಹೊತ್ತು ಮುಳುಗೂದರಾಗ ದೀಪ ಹಸಿರು ಮಾಡು!”

“ಉಸುರು ತಗೊ ನಮ್ಮವ್ವಾ!” ಅಂದಳು ರೇಣಕ್ಕ. “ಹುಲಿಗೆವ್ವಾ, ಒತ್ತು ನೋಡೋಣು.”

ಅವ್ವ ಬಲಗೈ ಹೆಬ್ಬೆರಳು ಒತ್ತಿದಳು. ಕೆಂಪು ದೀಪ.
ತೋರುಬೆರಳು ಒತ್ತಿದಳು. ಕೆಂಪು ದೀಪ.
ನಡುಬೆರಳು ಒತ್ತಿದಳು. ಕೆಂಪು ದೀಪ.
ಉಂಗುರಬೆರಳು ಒತ್ತಿದಳು. ಕೆಂಪು ದೀಪ.
ಕಿರುಬೆರಳು ಒತ್ತಿದಳು. ಕೆಂಪು ದೀಪ.

ಎಡಗೈ ತಂದಳು. ಹೆಬ್ಬೆರಳು, ಕೆಂಪು. ತೋರುಬೆರಳು, ಕೆಂಪು. ನಡುಬೆರಳು, ಕೆಂಪು. ಉಂಗುರಬೆರಳು... ಮಕ್ಕಳೇ, ಹೇಳಿ ನೋಡೋಣ? ಕೆಂಪು.

“ಆತಲ್ಲ. ಎಲ್ಲಾ ಬೆರಳು ಮುಗದ್ವು” ಅಂದಳು ರೇಣಕ್ಕ. ಅವಳಿಗೂ ಕೆಟ್ಟೆನಿಸಿತು.

ಬಿಸಿಲು ಬೇವಿನ ಮರದ ತುದಿಗೆ ಹೋಗಿತ್ತು. ದೂರದಲ್ಲಿ ಲಾರಿ ಪೀಂ ಪೀಂ ಅಂದಿತು.

ದ್ಯಾಮಿ ಅವ್ವನ ಕೈ ನೋಡಿದಳು. ಮತ್ತೆ ನೋಡಿದಳು.

“ಅವ್ವಾ, ಒಂದು ಬೆರಳು ಉಳದೈತಿ! ಮುದುಕಪ್ಪನ ಬೆರಳು!”

ಹೌದಲ್ಲ! ಎಡಗೈ ಕಿರುಬೆರಳು. ಪ್ರತಿ ತಿಂಗಳು ಅವ್ವ ಬರುವಾಗ ಮುದುಕಪ್ಪನೂ ಬರುತ್ತಿದ್ದ. ಮುದುಕಪ್ಪ ಬಂದರೆ ಆ ಬೆರಳು ಅವನ ಮುಷ್ಟಿಯಲ್ಲಿ. ಅದು ಅವ್ವನದು ಅಂತ ಅವ್ವನೇ ಮರೆತಿದ್ದಳು.

“ಬಿಡೋ ರಾಜಾ” ಅಂದಳು ಅವ್ವ. ಬಿಡಲಿಲ್ಲ.
“ಬಿಡೋ ಬಂಗಾರ” ಅಂದಳು ರೇಣಕ್ಕ. ಬಿಡಲಿಲ್ಲ. ಇನ್ನೂ ಗಟ್ಟಿ ಹಿಡಿದ.

ಆಗ ದ್ಯಾಮಿ ತಲೆಯಿಂದ ಬಕೆಟ್ ಇಳಿಸಿದಳು. ಬೋರಲು ಹಾಕಿದಳು. ಡಬ ಡಬ ಡಬಕ್ ಬಾರಿಸಿದಳು. ಮುದುಕಪ್ಪ ಬಾಯಿ ತೆರೆದ. ಕಣ್ಣು ಅರಳಿಸಿದ. ತಾನೂ ಬಾರಿಸಬೇಕು! ಬೆರಳು ಬಿಟ್ಟ. ಡಬಕ್!

ಅವ್ವ ಬೆರಳಿನ ಜೊಲ್ಲು ಒರೆಸಿದಳು. ಮೆಲ್ಲಗೆ ಪೆಟ್ಟಿಗೆಯ ಮೇಲೆ ಇಟ್ಟಳು. ಶೇಂಗಾ ಮುಟ್ಟದ ಬೆರಳು. ಕೂಸಿನ ಮುಷ್ಟಿಯಲ್ಲಿ ಬೆಚ್ಚಗಿದ್ದ ಬೆರಳು. ಗೆರೆಗೆರೆ ಎಲ್ಲ ಹಾಗೇ ಇದ್ದ ಬೆರಳು.

ಪೆಟ್ಟಿಗೆ ಯೋಚಿಸಿತು.

ಹಸಿರು ದೀಪ!

“ಬಂತು ಬಂತು!” ಅಂತ ರೇಣಕ್ಕನೇ ಕುಣಿದಳು. ರೊಕ್ಕ ಎಣಿಸಿ ಅವ್ವನ ಕೈಗೆ ಇಟ್ಟಳು. “ತಗೊ, ನಿನ್ನ ರೊಕ್ಕ. ಏನ್ ತರ್ತಿ? ಇನ್ನೊಂದು ಬಕೆಟ್?”

“ಸಾಕಾಗೈತಿ ನಮ್ಮವ್ವಾ!” ಅಂದಳು ಅವ್ವ. ಈ ಸಲ ಕಣ್ಣೂ ನಕ್ಕಿತು.

ಅವ್ವ ಮಕ್ಕಳ ಜೊತೆ ಪರಸಪ್ಪನ ಅಂಗಡಿಗೆ ನಡೆದಳು. ರೊಕ್ಕ ಯಾತಕ್ಕೆ ಅಂತ ಅವಳಿಗೆ ಗೊತ್ತಿತ್ತು. ಒಂದಿಷ್ಟು ಜೋಳಕ್ಕೆ. ಒಂದು ಉಂಡೆ ಬೆಲ್ಲಕ್ಕೆ. ಮತ್ತೆ ಹಿಂಡಿಗೆ.

“ಹಿಂಡಿ?” ಅಂದ ಪರಸಪ್ಪ. “ನಿನಗ ಎಮ್ಮಿ ಎಲ್ಲೈತಿ ಹುಲಿಗೆವ್ವಾ?”

“ಎಮ್ಮಿ ನಂದಲ್ಲ. ಚಳಿ ನಂದು” ಅಂದಳು ಅವ್ವ. “ಚೀಲ ಇಳಸು.”

ಈಗ ನೋಡಿ, ಕತೆ ಹಿಂದಕ್ಕೆ ಓಡುತ್ತದೆ. ನನ್ನ ಅಂಗಿ ಹಿಡಿದುಕೊಳ್ಳಿ.

ಅವ್ವ ರೊಕ್ಕ ಕೊಟ್ಟಳು, ಲಾರಿ ಚೀಲ ಇಳಿಸಿತು.
ಪರಸಪ್ಪ ಹಿಂಡಿ ಕೊಟ್ಟ. ಯಾತರಲ್ಲಿ? ನೀಲಿ ಬಕೆಟ್‌ನಲ್ಲಿ!

ಹಿಂಡಿ ತಿಂದ ಕಸ್ತೂರಿ ಹಾಲು ಕೊಟ್ಟಿತು. ಚುರ್ ಚುರ್ ಚುರ್. ಯಾತರಲ್ಲಿ? ನೀಲಿ ಬಕೆಟ್‌ನಲ್ಲಿ! (ಇಷ್ಟು ಬೇಗ ಹೇಗೆ ಅಂತ ಕೇಳಬೇಡಿ. ನಾನು ಕಣ್ಣಾರೆ ನೋಡಿದ್ದೇನೆ. ಆಗ ನಾನು ಬೇರೆ ಊರಿನಲ್ಲಿದ್ದೆ, ಆದರೂ ನೋಡಿದ್ದೇನೆ.)

“ದಿನಾ ಒಂದು ತಂಬಿಗಿ ಹಾಲು ಮುದುಕಪ್ಪಗ” ಅಂದ ಬಾಳಪ್ಪ. “ಹಿಂಡಿ ಋಣ ತೀರೂತನಕ.”

ಹಾಲು ಬಂತು, ಗಂಗಕ್ಕ ಚಹಾ ಕಾಸಿದಳು. ನೀರು ಎಲ್ಲಿಂದ? ನೀಲಿ ಬಕೆಟ್‌ನಿಂದ! ಕೆನೆಯನ್ನೂ ಹಾಕಿದಳು. “ಕುಡಿ, ಗಡ್ಡ ತೋಯಿಸ್ಕೋಬ್ಯಾಡ” ಅಂದಳು.

ಕಾಕಾ ಚಹಾ ಕುಡಿದ. ಸುರ್‍ರ್. ಎಲ್ಲಿ ಕೂತು? ಬೋರಲು ಹಾಕಿದ ನೀಲಿ ಬಕೆಟ್ ಮೇಲೆ! ಕೈ ನಿಂತಿತು. ಸ್ಕ್ರೂ ಕೂತಿತು. ಚಸ್ಮಾಕ್ಕೆ ಕಾಲು ಬಂತು.

ಚಸ್ಮಾ ಅಜ್ಜಿಯ ಮೂಗಿನ ಮೇಲೆ ಕೂತಿತು. ಅಜ್ಜಿ ಸೂಜಿ ನೋಡಲಿಲ್ಲ. ದಾರ ನೋಡಲಿಲ್ಲ. ಮೊದಲು ದ್ಯಾಮಿಯನ್ನು ನೋಡಿದಳು.

“ಅಯ್ಯ ನನ್ನ ಕೂಸ, ಎಷ್ಟು ದೊಡ್ಡಾಕಿ ಆಗೀಯಲ್ಲ!” ಅಂದಳು.

ಆಮೇಲೆ ಒಂದೇ ಏಟಿಗೆ ದಾರ ಸೂಜಿಯ ಕಣ್ಣಿನಲ್ಲಿ ಹೋಯಿತು.

ಅವ್ವ ರೊಟ್ಟಿ ಬಡಿದಳು. ಪಟ ಪಟ ಪಟ. ಬಿಸಿ ರೊಟ್ಟಿ ಅಜ್ಜಿಗೆ, ಬಿಸಿ ರೊಟ್ಟಿ ದ್ಯಾಮಿಗೆ, ಹಾಲಿನಲ್ಲಿ ಅದ್ದಿದ ರೊಟ್ಟಿ ಮುದುಕಪ್ಪನಿಗೆ. ಅವ್ವ ಒಂದು ಚೂರು ಮುರಿದು ಕೌದಿಯ ಹೊಟ್ಟೆಯಲ್ಲಿ ಇಟ್ಟಳು. ಒಂದು ಚೂರು ಬೆಲ್ಲ ಇಟ್ಟಳು.

“ಉಣ್ಣು ಕೌದೆವ್ವಾ” ಅಂದಳು ದ್ಯಾಮಿ. “ಉಂಡು ನಮ್ಮನ್ನ ಬೆಚ್ಚಗ ಇಡು.”

“ನೀನೂ ಉಣ್ಣು ಹುಲಿಗೆವ್ವಾ” ಅಂದಳು ಅಜ್ಜಿ. “ಈಗ ನನಗ ಎಲ್ಲಾ ಕಾಣ್ತೈತಿ.”

ಅವ್ವ ಉಂಡಳು. ಅಜ್ಜಿ ಹೊಲಿದಳು. ಕೊನೆಯ ಹೊಲಿಗೆ ಬಿತ್ತು. ಹೊತ್ತು ಮುಳುಗಿತು.

ಚಳಿ ಬಂತು. ಕೌದಿಯ ಸುತ್ತ ತಿರುಗಿತು. ತೂತು ಹುಡುಕಿತು. ತೂತೆಲ್ಲಿ? ಇಲ್ಲ. ಬೇರೆ ಓಣಿಗೆ ಹೋಯಿತು.

ಕೌದಿಯ ಕೆಳಗೆ ಅಜ್ಜಿ. ಅವ್ವ. ದ್ಯಾಮಿ. ಮುದುಕಪ್ಪ. ಮುದುಕಪ್ಪನ ಮುಷ್ಟಿಯಲ್ಲಿ ಅವ್ವನ ಕಿರುಬೆರಳು.

“ಗಟ್ಟಿ ಹಿಡಕೊ” ಅಂದಳು ದ್ಯಾಮಿ, ತಮ್ಮನ ಕಿವಿಯಲ್ಲಿ. “ಮುಂದಿನ ತಿಂಗಳಿಗೂ ಬೇಕು.”

ಮತ್ತೆ ಶಾಣಿ? ಬೆಲ್ಲದ ವಾಸನೆ ಹಿಡಿದು ಬಂದಿತ್ತು. ಅಂಗಳದಲ್ಲಿ ಅಜ್ಜಿಯ ನೀಲಿ ಬಕೆಟ್ ಇತ್ತು. ಒಳಗೆ ಏನಿದೆ ಅಂತ ತಲೆ ಹಾಕಿತು. ತಲೆ ಹೊರಗೆ ಬರಲಿಲ್ಲ. ಡಬ ಡಬ ಡಬಕ್ ಅಂತ ಓಣಿ ಸುತ್ತುತ್ತಿದೆ. ಕೇಳಿಸಿತೇ? ಅದೇ ಅದು.

ಇಲ್ಲಿಗೆ ಈ ಕತೆಯ ಹೊಟ್ಟೆಗೂ ಒಂದು ಚೂರು ಬೆಲ್ಲ ಇಟ್ಟೆ, ಬಾಯಿ ಹೊಲಿದೆ. ನೀವು ಹೂಂ ಅನ್ನುವುದನ್ನು ಬಿಡಬಹುದು. ಕಣ್ಣು ಮುಚ್ಚಿ.